ಮಿಲಿಮೀಟರ್ ಮೇಡಂ ಮಲಗಿಸಿದ ಮಂಚ

ವಿಕಿರಣ ಚಿಕಿತ್ಸೆ ಬೇಕೆಂದು ಬರೆಯುವವರು ವೈದ್ಯರು. ಆ ಕಿರಣ ರೋಗಿಯ ದೇಹದಲ್ಲಿ ತಲುಪಬೇಕಾದ ಕಡೆಗೇ, ತಲುಪಬೇಕಾದಷ್ಟೇ ತಲುಪುವಂತೆ ನೋಡಿಕೊಳ್ಳುವವರು ವೈದ್ಯಕೀಯ ಭೌತವಿಜ್ಞಾನಿಗಳು. ರೋಗಿಗಳಿಗೆ ಪರಿಚಯವೇ ಇಲ್ಲದ ಈ ವೃತ್ತಿಗೆ ನಮ್ಮ ಆಸ್ಪತ್ರೆಯಲ್ಲಿ ಬೆನ್ನೆಲುಬಾಗಿದ್ದವರು, ಇದೀಗ ನಿವೃತ್ತರಾಗುತ್ತಿರುವ ನನ್ನ ಗುರುಗಳು, ಎಲ್ಲರ ಬಾಯಲ್ಲಿ ‘ಮಿಲಿಮೀಟರ್ ಮೇಡಂ’. ಕಿರಣ ಒಂದು ಮಿಲಿಮೀಟರ್ ಸರಿದರೂ ಒಪ್ಪದ ಅವರಿಗೆ ಈ ಹೆಸರಿಟ್ಟವರು ಗೇಲಿಗೆಂದೇ ಇಟ್ಟರು. ಅವರು ಅದನ್ನು ಬಿರುದಿನಂತೆ ಧರಿಸಿದರು.

ಪದವಿಯ ಅಮಲು ಇಳಿಯದ ನನ್ನನ್ನು ಅವರು ಮೊದಲ ದಿನವೇ ಚಿಕಿತ್ಸಾ ಮಂಚದ ಮೇಲೆ ಮಲಗಿಸಿ, ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯ ಮಾಸ್ಕನ್ನು ಮುಖಕ್ಕೆ ಒತ್ತಿ, ತಲೆ ಅಲುಗದಂತೆ ಮಂಚಕ್ಕೆ ಬಿಗಿದರು. ತರಬೇತಿಗೆ ಬಂದ ಯಾರನ್ನೂ ಅವರು ಇದರಿಂದ ಬಿಟ್ಟವರಲ್ಲ. ಯಂತ್ರ ಚಾಲೂ ಮಾಡಿರಲಿಲ್ಲ. ಆದರೂ ದಪ್ಪ ಬಾಗಿಲು ಮುಚ್ಚಿಕೊಂಡಾಗ ಕಣ್ಣು ಮುಚ್ಚಿ ಸೆಕೆಂಡು ಎಣಿಸತೊಡಗಿದೆ.

“ಏನಪ್ಪಾ, ಒಳಗೆ ಸೂತ್ರಗಳೆಲ್ಲ ನೆನಪಾದ್ವಾ?” ಎಂದರು ಮೇಡಂ, ಮಾಸ್ಕ್ ಬಿಚ್ಚುತ್ತಾ.

“ಇಲ್ಲ ಮೇಡಂ. ಹೊರಗಿರೋರಿಗೆ ಕೆಲಸ ಬರುತ್ತೋ ಇಲ್ವೋ ಅಂತ ಭಯ ಆಯ್ತು.”

“ಅದೇ ಪಾಠ. ಮಿಕ್ಕಿದ್ದೆಲ್ಲ ಅಭ್ಯಾಸ.”

ಮುಂದೆ ನನ್ನ ತಂದೆಯೇ ರೋಗಿಯಾಗಿ ಆ ಮಂಚಕ್ಕೆ ಬಂದಾಗ, ನಾನು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದನ್ನು ಕಂಡು, “ನೀನು ಮಗನಾಗಿ ಹೊರಗೆ ಕೂತ್ಕೋ. ಲೆಕ್ಕ ನಾನು ನೋಡ್ತೀನಿ” ಎಂದು ಕಳುಹಿಸಿದರು. ತಂದೆ ಇಂದಿಗೂ ಅವರನ್ನು ವಿಚಾರಿಸದೆ ಫೋನ್ ಇಡುವುದಿಲ್ಲ.

ಇಂಥವರು ಆಡಳಿತದೊಂದಿಗೆ ಗುದ್ದಾಡಿ ಕಡ್ಡಾಯ ಮಾಡಿಸಿದ್ದು, ಅನುಭವಿಗಳ ಕಣ್ಣೆದುರು, ರೋಗಿಗಳ ಮಗ್ಗುಲಲ್ಲೇ ನಿಂತು ಕಲಿಯುವ ತರಬೇತಿ. ಅವರು ಕುರ್ಚಿ ಬಿಡುವ ಮುನ್ನವೇ ಅದನ್ನು ಕೆಲವು ವಾರಗಳ ಕಂಪ್ಯೂಟರ್ ಪಾಠಕ್ಕೆ ಇಳಿಸಲಾಗಿದೆ. ಆಮೇಲೆ ಹೊಸಬರು ಒಂಟಿಯಾಗಿ ಯಂತ್ರ ನೋಡಿಕೊಳ್ಳಬೇಕಂತೆ. “ಎಲ್ಲಾ ಕಂಪ್ಯೂಟರೇ ಮಾಡುತ್ತಲ್ರೀ, ವರ್ಷಗಟ್ಟಲೆ ಏನ್ರೀ ಕಲಿಯೋದು?” ಎಂದರು ಆಡಳಿತಾಧಿಕಾರಿಗಳು. ಕೇಳಿ ಮೈಯೆಲ್ಲ ಉರಿದುಹೋಯಿತು. ಮೇಡಂ ಅವರ ಈ ಅಭಿನಂದನಾ ಸಂಪುಟಕ್ಕೆ ಮುನ್ನುಡಿ ಬರೆದವರೂ ಆ ಅಧಿಕಾರಿಗಳೇ! ಒಂದು ಕೈಯಲ್ಲಿ ಹೂಗುಚ್ಛ ಕೊಟ್ಟು, ಇನ್ನೊಂದು ಕೈಯಲ್ಲಿ ಮೇಡಂ ಅವರ ಜೀವಮಾನದ ಕೆಲಸದ ಕತ್ತು ಹಿಸುಕುವುದು ಯಾವ ಸೀಮೆಯ ಅಭಿನಂದನೆ? ಸ್ವಲ್ಪ ಮೃದುವಾಗಿ ಬರೆಯಿರೆಂದು ಸಂಪಾದಕರು ಕೇಳಿಕೊಂಡಿದ್ದಾರೆ. ಕ್ಷಮಿಸಬೇಕು, ನನ್ನಿಂದಾಗದು.

ಮೇಡಂ ಜಾಗಕ್ಕೆ ನೇಮಕಗೊಂಡಿರುವ ನಾನು, ಪೂರ್ತಿ ತರಬೇತಿ ಪಡೆಯದವರ ಕೈಗೆ ಯಂತ್ರದ ಕೀಲಿ ಕೊಡುವುದಿಲ್ಲ. ಕೆಲಸ ಹೋದರೆ ಹೋಗಲಿ.

ಗುರುಗಳು ನೂರ್ಕಾಲ ಬಾಳಲಿ. ಆದರೆ ವಿಶ್ರಾಂತಿಯನ್ನು ಮಾತ್ರ ನಾನು ಹಾರೈಸಲಾರೆ. ಮೇಡಂ, ದಯವಿಟ್ಟು ಸೋಮವಾರ ಬನ್ನಿ. ಮಾಸ್ಕನ್ನು ಬಿಸಿನೀರಿಗೆ ಹಾಕಿ ಕಾಯುತ್ತಿರುತ್ತೇನೆ. ಈ ಸಲ ಮೊದಲು ಮಲಗಬೇಕಾದವರು ಆಡಳಿತಾಧಿಕಾರಿಗಳು. ಹೊರಗೆ ಯಂತ್ರದ ಮುಂದೆ, ಅವರದೇ ಕಂಪ್ಯೂಟರ್ ಪಾಠ ಮುಗಿಸಿದವರು ಕೂತಿರುತ್ತಾರೆ.