ಡೇರೆ ಕಾಯಲು ಉಳಿದವನು

ನಮ್ಮ ಕಡೆಯ ಮಾಜಿ ಸೈನಿಕರನ್ನು ಎರಡು ದಿನ ಗುಡ್ಡ ಹತ್ತಿಸಿ, ಡೇರೆಯಲ್ಲಿ ಮಲಗಿಸಿ ಕರೆತರುವ ಕೆಲಸವನ್ನು ಈ ವರ್ಷ ನಾನೇ ಹೊತ್ತುಕೊಂಡಿದ್ದೆ. ಸೇನೆಯಲ್ಲಿ ನನ್ನ ಕೈಕೆಳಗಿದ್ದ ಅಮ್ಮಿನಬಾವಿ ಊರಿನ ಗೆಳೆಯನೂ ಬಂದಿದ್ದ. ಅವನ ಮಂಡಿ ಕೆಟ್ಟಿತ್ತು. ಅವನಿಂದ ಎಲ್ಲರಿಗೂ ತಡವಾಗುತ್ತದೆಂದು, "ಡೇರೆ ಕಾಯಾಕ ನೀನ ಬೇಕು" ಎಂದು ಸುಳ್ಳು ಹೇಳಿ ಕೆಳಗೇ ಬಿಟ್ಟೆ. ಕಾಯುವಂಥದ್ದೇನೂ ಅಲ್ಲಿರಲಿಲ್ಲ.

ಅರ್ಧ ಗುಡ್ಡ ಏರಿದ ಮೇಲೆ ಹೊಳೆಯಿತು: ಬದಲಿ ಆಳು ಬರುವತನಕ ಸೈನಿಕ ಕಾವಲು ಬಿಡುವುದಿಲ್ಲ. ಆ ಮಂಡಿಯಲ್ಲಿ ಅವನು ಬಿಸಿಲಿಗೆ ನಿಂತೇ ಇರುತ್ತಾನೆ! ಆಮೇಲೆ ನನಗೆ ಎಲ್ಲಿಯೂ ಕೂರಲಾಗಲಿಲ್ಲ. ಆದರೂ ಸುಳ್ಳು ಬಯಲಾದೀತೆಂದು ತಿರುಗಿ ಹೋಗಲಿಲ್ಲ.

ಸಂಜೆ ಇಳಿದು ಬಂದಾಗ ಅವನು ಕೋಲೂರಿ ನಿಂತಿದ್ದ. ಬುತ್ತಿ ಬಿಚ್ಚಿರಲಿಲ್ಲ.

"ಕುಂದ್ರಬಾರದೇನೋ ದೋಸ್ತ? ಕಾವಲು ಅಂದದ್ದು ಸುಳ್ಳು. ನಿನಗ ಏರಾಕ ಆಗಂಗಿಲ್ಲಂತ ಹಂಗ ಹೇಳಿದ್ನಿ."

"ಗೊತ್ತಿತ್ರಿ, ಹವಾಲ್ದಾರ ಸಾಹೇಬ್ರ. ಸುಳ್ಳ ಆದ್ರೂ ಹುಕುಂ ಹುಕುಮ್ಮ ಅಲ್ಲೇನ್ರಿ? ನಾಳಿ ನೀವು ನಿಲ್ರಿ, ನಾ ಏರ್ತೇನಿ."

ಮರುದಿನ ಅವನು ಕುಂಟುತ್ತ ಮುಂದೆ ನಡೆದ, ಉಳಿದವರು ಅವನ ಹಿಂದೆ ನಿಧಾನವಾಗಿ ಹೋದರು. ಆ ಮಂಡಿ ಏನಾಗುವುದೋ ಎಂದು ನಾನು ಗುಡ್ಡದ ದಾರಿಯನ್ನೇ ನೋಡುತ್ತ ನಿಂತೆ. ಪಕ್ಕದಲ್ಲೇ ನೆರಳಿತ್ತು. ಕೂರುವ ಧೈರ್ಯವಾಗಲಿಲ್ಲ.