ಶಾಲೆ ಬದಲಾಯಿಸಿದ ಮೇಷ್ಟ್ರ ಮಗಳು

ಪಿ.ಟಿ. ಮೇಷ್ಟ್ರು ನರಸಿಂಹಮೂರ್ತಿಗೆ ಅನುಮಾನ ಪಡಲು ಕಾರಣವೇ ಬೇಕಿರಲಿಲ್ಲ. ಹುಡುಗರು ಗಲಾಟೆ ಮಾಡಿದರೆ ಏನೋ ಕಿತಾಪತಿ. ಸುಮ್ಮನಿದ್ದರೆ ಇನ್ನೂ ದೊಡ್ಡ ಕಿತಾಪತಿ. ಮಂಡಿಕಲ್ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ, ಕ್ಲಾಸು ತಪ್ಪಿಸಿ ಸಿನಿಮಾಕ್ಕೆ ಹೋದವರನ್ನೂ ಕಾಪಿ ಹೊಡೆದವರನ್ನೂ ಹೆಸರು ಹಿಡಿದು ಕರೆದು ನಿಲ್ಲಿಸುತ್ತಿದ್ದರು. ‘ನನ್ನ ಮೂಗಿಗೆ ವಾಸನೆ ಬಡಿಯುತ್ತೆ ಕಣ್ರೀ’ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಬೇರೆ.

ಮೂಗೂ ಇಲ್ಲ, ಮಣ್ಣೂ ಇಲ್ಲ. ಮಗಳು ಹರಿಣಿ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ‘ಏನಮ್ಮಾ ಇವತ್ತು ವಿಶೇಷ?’ ಎಂದರೆ ಸಾಕು, ಹುಡುಗಿ ನಗುನಗುತ್ತಾ ಎಲ್ಲ ಹೇಳಿಬಿಡುತ್ತಿದ್ದಳು. ಅವಳ ಪಾಲಿಗೆ ಅದು ಅಪ್ಪನ ಜೊತೆ ಹರಟೆ. ಮೇಷ್ಟ್ರಿಗೆ ಮಾರನೆಯ ಬೆಳಗಿನ ಸರಕು.

2007ರ ಜನವರಿಯಲ್ಲಿ ಗೆಳತಿ ರೂಪ ಅಣ್ಣನ ಮೊಬೈಲನ್ನು ಕದ್ದು ಶಾಲೆಗೆ ತರುತ್ತಿದ್ದ ಸುದ್ದಿಯೂ ಹೀಗೇ ಬಂತು. ಮರುದಿನ ಮೇಷ್ಟ್ರು ನೇರವಾಗಿ ರೂಪಳ ಬ್ಯಾಗಿಗೇ ಕೈ ಹಾಕಿ, ಮೊಬೈಲನ್ನು ಇಡೀ ಶಾಲೆಯ ಮುಂದೆ ಎತ್ತಿ ತೋರಿಸಿದರು.

ಅವತ್ತಿನಿಂದ ಹರಿಣಿ ಊಟಕ್ಕೆ ಕೂತಾಗ ತುಟಿ ಬಿಚ್ಚಲಿಲ್ಲ. ಪರೀಕ್ಷೆ ಮುಗಿದದ್ದೇ ಒಂದೇ ಹಟ.

‘ಎಸ್ಸೆಸ್ಸೆಲ್ಸಿ ನಾನು ಚಿಕ್ಕಬಳ್ಳಾಪುರದಲ್ಲಿ ಓದ್ತೀನಿ.’

‘ಯಾಕಮ್ಮಾ, ಇಲ್ಲೇನಾಗಿದೆ?’

‘ಏನಿಲ್ಲ.’

ಏನಿಲ್ಲ ಎಂದವರನ್ನು ಮೇಷ್ಟ್ರು ಜನ್ಮದಲ್ಲಿ ನಂಬಿದವರಲ್ಲ. ಹುಡುಗ! ಇನ್ನೇನಿರುತ್ತದೆ? ‘ಮಗು ಸರಿಯಾಗಿ ಊಟ ಮಾಡ್ತಿಲ್ಲ, ಕಳಿಸ್ರೀ’ ಎಂದು ಹೆಂಡತಿ ಶ್ಯಾಮಲಮ್ಮ ಅಂಗಲಾಚಿದ್ದಕ್ಕೆ ಟಿ.ಸಿ. ಕೊಡಿಸಿ, ಪಟ್ಟಣದ ಹೆಣ್ಣುಮಕ್ಕಳ ಶಾಲೆಗೇ ಸೇರಿಸಿದರು. ಆದರೂ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಬಸ್ಸಿನ ಕಂಡಕ್ಟರು ಪಾಸು ನೋಡುವಾಗ ಯಾಕೆ ನಕ್ಕ? ಹೊಸ ಕ್ಲಿಪ್ಪು ಯಾರು ಕೊಡಿಸಿದ್ದು? ಕೊಡಿಸಿದ್ದು ಶ್ಯಾಮಲಮ್ಮ. ಒಂದು ಸಂಜೆ ಮಗಳ ಬ್ಯಾಗು ತಡಕಿದರೆ ಕಡಲೆಕಾಯಿ ಸಿಪ್ಪೆ ಸಿಕ್ಕಿತು. ಅದೂ ಇಬ್ಬರು ತಿಂದಷ್ಟು ಇದೆಯಲ್ಲ ಎನ್ನಿಸಿತು.

ಕೊನೆಗೆ ತಡೆಯಲಾರದೆ, ತಮ್ಮ ಶಾಲೆಯಲ್ಲೇ ಉಳಿದಿದ್ದ ರೂಪಳನ್ನು ಆಟದ ಮೈದಾನದಲ್ಲಿ ಅಡ್ಡಹಾಕಿದರು.

‘ನಿಂಗೆ ಗೊತ್ತಿರತ್ತೆ. ಯಾರಮ್ಮ ಆ ಹುಡುಗ?’

‘ಹುಡುಗ ಗಿಡುಗ ಯಾರೂ ಇಲ್ಲ ಸಾರ್.’

‘ಮತ್ಯಾಕೆ ಸ್ಕೂಲ್ ಬಿಟ್ಲು?’

ರೂಪ ತಲೆ ತಗ್ಗಿಸಿ, ಆಮೇಲೆ ಧೈರ್ಯ ಮಾಡಿದಳು. ‘ನಿಮ್ಮಿಂದ ಸಾರ್. ಅವಳು ಬಂದ್ರೆ ನಾವೆಲ್ಲ ಮಾತು ನಿಲ್ಲಿಸ್ತಿದ್ವಿ. ಯಾರೂ ಪಕ್ಕದಲ್ಲಿ ಕೂರ್ತಿರ್ಲಿಲ್ಲ. ಮಧ್ಯಾಹ್ನ ಒಬ್ಬಳೇ ಊಟ ಮಾಡ್ತಿದ್ಲು.’

ಹುಟ್ಟುಗುಣ ಎಲ್ಲಿ ಹೋದೀತು? ಗೆಳತಿಯನ್ನು ಕಾಪಾಡಲು ಸುಳ್ಳು ಹೇಳುತ್ತಿರಬಹುದು ಎಂದುಕೊಂಡು, ಮರುದಿನ ರಜೆ ಹಾಕಿ ಬಸ್ಸು ಹತ್ತಿದರು.

ಊಟದ ಬಿಡುವಿನ ಹೊತ್ತು. ಶಾಲೆಯ ಮೋಟುಗೋಡೆಯ ಹೊರಗೆ ನಿಂತು ಇಣುಕಿದರು. ಹೊಂಗೆ ಮರದಡಿ ನಾಲ್ಕೈದು ಹುಡುಗಿಯರು ಡಬ್ಬಿ ಬಿಚ್ಚಿ ಕೂತಿದ್ದರು. ನಡುವೆ ಹರಿಣಿ, ಕೈ ಕುಣಿಸುತ್ತಾ ಏನೋ ಹೇಳುತ್ತಿದ್ದಳು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಆ ದನಿ ಮನೆಯಲ್ಲಿ ಕೇಳಿ ಎಷ್ಟು ತಿಂಗಳಾಯಿತು! ಮೇಷ್ಟ್ರ ಕಣ್ಣು ತುಂಬಿತು. ರೂಪ ಹೇಳಿದ್ದು ನಿಜ ಎಂದು ಆಗ ನಂಬಿದರು. ಮಗಳನ್ನು ಕರೆಯಬೇಕೆನ್ನಿಸಿ ಗೇಟಿನ ಬಳಿ ಬಂದರು.

‘ಯಾರೇ ಅದು? ನಿನ್ನೇ ನೋಡ್ತಾವ್ರೆ’ ಎಂದಳು ಒಬ್ಬಳು.

ಹರಿಣಿ ತಿರುಗಿ ನೋಡಿದಳು. ಕುಣಿಯುತ್ತಿದ್ದ ಕೈ ನಿಂತಿತು.

‘ನಮ್ಮೂರಿನ ಮೇಷ್ಟ್ರು ಕಣೇ’ ಎಂದಳು. ‘ಅವ್ರು ಹೋಗೋವರ್ಗೂ ಯಾರೂ ಏನೂ ಮಾತಾಡ್ಬೇಡ್ರೇ.’

ಹುಡುಗಿಯರೆಲ್ಲ ತಲೆ ತಗ್ಗಿಸಿ ಊಟ ಮಾಡತೊಡಗಿದರು.