ಸಪ್ಪಳದ ರೊಟ್ಟಿ

ಜೋಳದ ಖಡಕ್ ರೊಟ್ಟಿಯನ್ನು ಗುಟ್ಟಾಗಿ ತಿನ್ನುವುದು ಬ್ರಹ್ಮನಿಂದಲೂ ಆಗದೆಂಬುದು ನನ್ನ ಸ್ವಾನುಭವದ ಸಿದ್ಧಾಂತ. ಬೇಕಾದರೆ ನೀವೇ ಪ್ರಯತ್ನಿಸಿ ನೋಡಿ. ಊಟಕ್ಕೆ ಇನ್ನೂ ತಾಸಿರುವಾಗ, ಕಳ್ಳಬೆಕ್ಕೂ ನಾಚುವಷ್ಟು ನಯವಾಗಿ ಬುಟ್ಟಿಯ ಬಟ್ಟೆ ಸರಿಸಿ ಒಂದು ಚೂರು ಮುರಿದೆನೋ ಇಲ್ಲವೋ, ‘ಕಟಕ್’ ಎಂಬ ಆ ಪ್ರಾಮಾಣಿಕ ಸಪ್ಪಳ ಹಿತ್ತಲಲ್ಲಿದ್ದ ಮಡದಿಗೆ ವರದಿ ಒಪ್ಪಿಸಿಬಿಡುತ್ತಿತ್ತು. ಮಂಡಿಗೆಯನ್ನಾದರೂ ಮನಸ್ಸಿನಲ್ಲೇ ತಿನ್ನಬಹುದು. ಖಡಕ್ ರೊಟ್ಟಿಗೆ ಆ ಸೌಲಭ್ಯವಿಲ್ಲ.

ಹಸಿವು ಇದಕ್ಕೆ ತದ್ವಿರುದ್ಧ. ಅದಕ್ಕೆ ಸಪ್ಪಳವೇ ಇಲ್ಲ. ಇದನ್ನು ನಾನು ಕಲಿತದ್ದು ಬ್ಯಾಡಗಿಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ, ಕಲಿಸುವುದಕ್ಕೆಂದು ಸಂಬಳ ಪಡೆಯುತ್ತಿದ್ದಾಗ. ಶಾಲೆಗಳಿಗೆ ಬಿಸಿಯೂಟ ಹೊಸದಾಗಿ ಬಂದಿದ್ದ ಕಾಲವದು. ಅಡುಗೆಯ ಹುಸೇನಬಿ ಪ್ರತಿ ಸೋಮವಾರ ಅಕ್ಕಿ ಹೆಚ್ಚು ಕೇಳುತ್ತಿದ್ದಳು. ಹಾಜರಿ ಅಷ್ಟೇ, ಅಕ್ಕಿ ಮಾತ್ರ ಹೆಚ್ಚು! ಗಣಿತದ ಮಾಸ್ತರನಾದ ನನ್ನೊಳಗಿನ ಪತ್ತೇದಾರ ಎದ್ದು ಕುಳಿತು ಕಾರಣ ಕೇಳಿದ. ಅವಳು ಸೌಟನ್ನೂ ಕೆಳಗಿಡದೆ ಅಂದಳು: “ಐತವಾರ ನಿಮಗ ಸೂಟಿ, ಖರೇರಿ ಸರ. ಈ ಹುಡುಗೂರ ಮನ್ಯಾಗ ಒಲೀಗೂ ಸೂಟಿ ಇರತೈತ್ರಿ.”

ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಸಿಗದ ತಿಂಗಳುಗಳಲ್ಲಿ, ಶನಿವಾರದ ಬಿಸಿಯೂಟದಿಂದ ಸೋಮವಾರದ ಬಿಸಿಯೂಟದವರೆಗೆ ಕೆಲವು ಮಕ್ಕಳಿಗೆ ಕರಿ ಚಹಾ ಒಂದೇ ಆಧಾರವಂತೆ. ಭಾನುವಾರಕ್ಕೆ ನಮ್ಮ ಕಡೆ ಹೇಳುವ ‘ಐತವಾರ’ವೆಂದರೆ ಎಲ್ಲವೂ ‘ಐತಿ’ ಎನ್ನುವ ವಾರವೆಂದು ಶ್ಲೇಷೆ ಮಾಡಿ ತರಗತಿಯನ್ನು ನಗಿಸಿದವನು ನಾನು. ಅಂದು ಬಹಳ ನಾಚಿಕೆಯಾಯಿತು.

ಮುಂದಿನ ಶನಿವಾರ ರೊಟ್ಟಿಯ ಗಂಟು ಒಯ್ದು, ದಾನಶೂರನ ಗತ್ತಿನಲ್ಲಿ, ನಾಲ್ಕನೆಯ ತರಗತಿಯ ರೇಣವ್ವನನ್ನು ಎಲ್ಲರೆದುರು ಕರೆದೆ. ಸೋಮವಾರ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಹುಡುಗಿ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ನಮ್ಮನ್ಯಾಗ ಐತ್ರಿ ಸರ” ಎಂದಳು. ಗಂಟು ಹಾಗೆಯೇ ಮನೆಗೆ ಮರಳಿತು. ಆ ಐತವಾರವೂ ಅವಳ ಮನೆಯ ಒಲೆ ಹೊತ್ತಲಿಲ್ಲವೆಂದು ಹುಸೇನಬಿಯಿಂದ ತಿಳಿಯಿತು.

“ಒಬ್ಬಾಕಿಗೆ ಕೊಟ್ರ ಭಿಕ್ಷಾ, ಸಾಲೀಗೆಲ್ಲಾ ಕೊಟ್ರ ಹಬ್ಬರಿ ಸರ” ಎಂದು ಆಕೆ ನನ್ನನ್ನು ತಿದ್ದಿದಳು. ಮಡದಿಯೂ ಓಣಿಯ ಹೆಂಗಸರೂ ಸೇರಿ ವಾರವಿಡೀ ರೊಟ್ಟಿ ಬಡಿದರು. ಶನಿವಾರ ಪ್ರತಿಯೊಂದು ಮಗುವಿಗೂ ರೊಟ್ಟಿ, ಶೇಂಗಾ ಚಟ್ನಿ. ಜೊತೆಗೆ ನನ್ನ ಕಡೆಯಿಂದ ಮನೆಗೆಲಸ: ‘ಖಡಕ್ ರೊಟ್ಟಿಯನ್ನು ಸಪ್ಪಳವಿಲ್ಲದೆ ತಿನ್ನುವುದು ಹೇಗೆ? ತಿಂದು ನೋಡಿ ಬರೆಯಿರಿ.’ ಮನೆಗೆಲಸವೆಂದ ಮೇಲೆ ಒಲ್ಲೆ ಎನ್ನುವಂತಿಲ್ಲ. ರೇಣವ್ವ ಎರಡೂ ಕೈ ಚಾಚಿದಳು.

ಸೋಮವಾರ ಕೆಲವರು ನೀರಲ್ಲಿ ನೆನೆಸಬೇಕೆಂದು ಬರೆದಿದ್ದರು, ಒಬ್ಬ ಜಾಣ ಹೊದಿಕೆಯೊಳಗೆ ತಿನ್ನಬೇಕೆಂದಿದ್ದ. ರೇಣವ್ವನ ಪಾಟಿಯಲ್ಲಿ ಇಷ್ಟಿತ್ತು: “ಆಗೂದಿಲ್ರಿ ಸರ. ಸಪ್ಪಳ ಕೇಳಿ ತಂಗಿ ಬಂದಳು. ಆಮ್ಯಾಲೆ ಅವ್ವ ಬಂದಳು. ಮೂರೂ ಮಂದಿ ತಿಂದಿವಿ.”

ಅಂಕ ಹಾಕುವುದನ್ನೇ ಮರೆತೆ.

ಈಗ ನಾನು ರೊಟ್ಟಿ ಕದಿಯುವುದನ್ನು ಬಿಟ್ಟಿದ್ದೇನೆ. ನಡುಮನೆಯಲ್ಲೇ ಕುಳಿತು, ಹಿತ್ತಲಿಗೆ ಕೇಳಲೆಂದೇ ಕಟಕ್ಕನೆ ಮುರಿಯುತ್ತೇನೆ. ಮಡದಿ ಬೈಯಲೆಂದು ಬರುತ್ತಾಳೆ. ಅರ್ಧ ಅವಳ ಕೈಗಿಡುತ್ತೇನೆ.